ಬಂದ್ಯೋಡಿನ ಟಯರ್ ಅಂಗಡಿಯಲ್ಲಿ ಗೆದ್ದವರು

ಕೇಶವಪ್ರಸಾದ ಮಾಷ್ಟ್ರಿಗೆ ಕಾರು ಬಿಡಲು ಬರುವುದಿಲ್ಲ ಎಂಬುದು ಪುತ್ತಿಗೆಯ ಸುತ್ತಮುತ್ತ ಯಾರಿಗೂ ಹೊಸ ಸುದ್ದಿಯಲ್ಲ. ಕಲಿಯಲು ಹೋಗಿದ್ದರು, ಇಲ್ಲವೆಂದಲ್ಲ. ಕ್ಲಚ್ಚು ಒತ್ತದೆ ಗೇರು ಹಾಕಬಾರದು ಎಂದ ಕಲಿಸುವವನ ಜತೆಗೇ ವಾದಕ್ಕೆ ಕುಳಿತು, ವಾದದ ಬಿಸಿಯಲ್ಲಿ ಶಾಲೆಯ ಕಂಪೌಂಡಿಗೆ ಗುದ್ದಿ, ಆ ವಿದ್ಯೆಗೆ ಅಲ್ಲಿಯೇ ಮಂಗಳ ಹಾಡಿದರು. ತಪ್ಪು ಕಂಪೌಂಡಿನದ್ದೆಂದು ಇವತ್ತಿಗೂ ಸಾಧಿಸಬಲ್ಲರು. ಕೇಳಲು ನಿಮಗೆ ಪುರುಸೊತ್ತಿರಬೇಕು, ಅಷ್ಟೆ.

ಮನೆಯಲ್ಲಿ ಕಾರು ಬಿಡುವವರು ಹೆಂಡತಿ ಸುಬ್ಬಲಕ್ಷ್ಮಿ. ಹಲಸಿನ ಹಪ್ಪಳ, ಮಾವಿನ ಮಿಡಿಯ ಉಪ್ಪಿನಕಾಯಿ, ಮಜ್ಜಿಗೆ ಮೆಣಸು ಮಾಡಿ ಡಬ್ಬಿಗೆ ತುಂಬಿ ಸೀತಾಂಗೋಳಿ, ಪೆರ್ಲ, ಬಂದ್ಯೋಡಿನ ಅಂಗಡಿಗಳಿಗೆ ಹಾಕುತ್ತಾರೆ. ಮೊದಲು ಬಸ್ಸಿನಲ್ಲಿ ಡಬ್ಬಿ ಹೊತ್ತು ಹೋಗಿ ಕಂಡಕ್ಟರುಗಳ ಗೊಣಗಾಟ ಕೇಳಿ ಕೇಳಿ ಸಾಕಾಗಿ, ನಲವತ್ತು ದಾಟಿದ ಮೇಲೆ ಕಾರು ಕಲಿತರು. ಮಾತಿಲ್ಲದೆ ಕಲಿತರು, ಮಾತಿಲ್ಲದೆ ಲೈಸೆನ್ಸ್ ತೆಗೆದರು, ಹಪ್ಪಳದ ದುಡಿಮೆಯಲ್ಲೇ ಒಂದು ಹಳೆಯ ಸಣ್ಣ ಕಾರು ಕೊಂಡರು. ಮಾಷ್ಟ್ರು ಅದರ ಎಡಗಡೆ ಸೀಟಿನಲ್ಲಿ ಕುಳಿತು ಬಾಗಿಲಿನ ಗಾಜು ಇಳಿಸಿ, ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಕೈ ಎತ್ತುತ್ತಾರೆ. ನೋಡಿದವರಿಗೆ ಕಾರು ಅವರದ್ದೇ ಅನಿಸಬೇಕು, ಹಾಗೆ.

ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮಾಷ್ಟ್ರ ನಿಜವಾದ ಪ್ರೀತಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಪಂಚೆ ಉಟ್ಟು ಶಾಲು ಹೊದ್ದು ಕುಳಿತಲ್ಲಿಂದಲೇ ಪಾತ್ರವಾಗಿ ಮಾತಾಡಬೇಕು, ಎದುರಿನವರನ್ನು ವಾದದಲ್ಲಿ ಕಟ್ಟಿಹಾಕಬೇಕು. ನಮ್ಮ ಕಡೆಯಲ್ಲಿ ಇದಕ್ಕಿರುವ ಮರ್ಯಾದೆ ಅಷ್ಟಿಷ್ಟಲ್ಲ. ಒಳ್ಳೆಯ ಅರ್ಥ ಹೇಳಿದವನನ್ನು ಊರು ವರ್ಷಗಟ್ಟಲೆ ನೆನೆಯುತ್ತದೆ. ಕೆಟ್ಟದಾಗಿ ಸೋತವನನ್ನು ಇನ್ನೂ ಹೆಚ್ಚು ವರ್ಷ ನೆನೆಯುತ್ತದೆ.

ಮಾಷ್ಟ್ರು, ಇರುವುದನ್ನು ಇರುವ ಹಾಗೆ ಹೇಳುವುದಾದರೆ, ಎರಡನೆಯ ಸಾಲಿನ ಅರ್ಥಧಾರಿ. ದೂತ, ಮಂತ್ರಿ, ಒಮ್ಮೊಮ್ಮೆ ಋಷಿ. ದೊಡ್ಡವರು ಗೆಲ್ಲಬೇಕಾದರೆ ಎದುರಿಗೆ ಸೋಲಲು ಒಬ್ಬರು ಬೇಕಲ್ಲ, ಆ ಜಾಗ ಅವರದ್ದು. ಪಾಪ, ಅವರು ಎಷ್ಟು ಓದಿಕೊಂಡು ಹೋಗುತ್ತಿದ್ದರು ಎಂಬುದು ಸುಬ್ಬಲಕ್ಷ್ಮಿಗೆ ಮಾತ್ರ ಗೊತ್ತು. ಹಪ್ಪಳ ಒತ್ತುತ್ತ ಒತ್ತುತ್ತ ಎದುರು ಪಾತ್ರದ ಪ್ರಶ್ನೆಗಳನ್ನು ಕೇಳಿ ಗಂಡನಿಗೆ ಅಭ್ಯಾಸ ಮಾಡಿಸುತ್ತಿದ್ದವರು ಅವರೇ.

ಆ ಭಾನುವಾರ ಪೆರ್ಲದ ಹತ್ತಿರ ಮಧ್ಯಾಹ್ನದ ಕೂಟ. ಮಾಷ್ಟ್ರಿಗೆ ಎಂದಿನ ದೂತನ ಪಾತ್ರ. ಎದುರಿಗೆ ರಾಜನಾಗಿ ಕುಳಿತವರು ಹೆಸರಾಂತ ಅರ್ಥಧಾರಿ. ಅವರು ನಗುನಗುತ್ತಲೇ ಕೇಳಿದರು: "ದೂತನೇ, ನಿನ್ನ ಒಡೆಯನ ಮಾತು ತಂದೆ, ಸರಿ. ನಿನ್ನದೇ ಆದ ಒಂದು ಮಾತು ಉಂಟೋ?" ಮಾಷ್ಟ್ರು ಬಾಯಿ ತೆರೆದರು. ಮಾತು ಬರಲಿಲ್ಲ. ಪಕ್ಕದ ಲೋಟದಿಂದ ನೀರು ಕುಡಿದರು. ಆಮೇಲೂ ಬರಲಿಲ್ಲ. ಸಭೆ ನಕ್ಕಿತು, ಭಾಗವತರು ಕರುಣೆಯಿಂದ ಮುಂದಿನ ಪದ ಎತ್ತಿಕೊಂಡರು. ಮನೆಗೆ ಬರುವಾಗ ಕಾರಿನಲ್ಲಿ ಮಾಷ್ಟ್ರು ಗಾಜು ಇಳಿಸಲಿಲ್ಲ, ಯಾರಿಗೂ ಕೈ ಎತ್ತಲಿಲ್ಲ. ಸುಬ್ಬಲಕ್ಷ್ಮಿ ರಾತ್ರಿ ಊಟಕ್ಕೆ ಅವರಿಗೆ ಇಷ್ಟವೆಂದು ಹಪ್ಪಳ ಸುಟ್ಟು ತೆಂಗಿನೆಣ್ಣೆ ಸವರಿ ಬಡಿಸಿದರು.

ಆ ವಾರವೇ ಕಾರಿಗೆ ಟಯರ್ ಹಾಕಿಸುವ ಕೆಲಸವಿತ್ತು. ಮಳೆಗಾಲ ಹತ್ತಿರ ಬಂದಿತ್ತು, ಹಳೆಯ ಟಯರುಗಳು ಸವೆದು ಬೋಳಾಗಿದ್ದವು. ಪಂಚಾಯತು ರಸ್ತೆಯಿಂದ ಮಾಷ್ಟ್ರ ಮನೆಯಂಗಳಕ್ಕೆ ಇಳಿಯುವ ದಾರಿ ಕಡಿದಾದ ಚಡವು, ಎಂದರೆ ಇಳಿಜಾರು. ಸಿಮೆಂಟು ಹಾಕಿದ್ದಾರೆ, ಆದರೆ ಎರಡು ಮಳೆ ಬಿದ್ದರೆ ಪಾಚಿ ಹಿಡಿದು ಸಾಬೂನಾಗುತ್ತದೆ. ಕೆಳಗೆ ತಿರುವಿನಲ್ಲೇ ಬಾವಿ. ಹಿಂದಿನ ಮಳೆಗಾಲದಲ್ಲಿ ಒಂದು ಸಂಜೆ ಕಾರು ಅಲ್ಲಿ ಜಾರಿತ್ತು. ಎಡಗಡೆ ಸೀಟಿನಲ್ಲಿದ್ದ ಮಾಷ್ಟ್ರು ಕಣ್ಣು ಮುಚ್ಚಿ ಕುಲದೇವರನ್ನು ಕೂಗಿದರು. ಸುಬ್ಬಲಕ್ಷ್ಮಿ ಕೂಗಲಿಲ್ಲ. ಬ್ರೇಕಿನ ಮೇಲಿದ್ದ ಕಾಲು ಸಡಿಲಿಸಿ, ಸ್ಟಿಯರಿಂಗ್ ತಿರುಗಿಸಿ, ಕಾರನ್ನು ಬಾಳೆಯ ಬುಡಕ್ಕೆ ತಂದು ನಿಲ್ಲಿಸಿದರು. ಬಾವಿಕಟ್ಟೆಗೂ ಕಾರಿಗೂ ನಡುವೆ ಒಂದು ಕೊಡಪಾನ ಇಡುವಷ್ಟು ಜಾಗವಿತ್ತು. ಆ ಹೊತ್ತಿನಲ್ಲಿ ಮಾಷ್ಟ್ರು ಹೆಂಡತಿಯ ಎರಡೂ ಕೈ ಹಿಡಿದು, "ನೀನಿದ್ದ ಕಾರಣ ಬಚಾವು" ಎಂದು ಅತ್ತುಬಿಟ್ಟಿದ್ದರು.

ಹಾಗಾಗಿ ಬಂದ್ಯೋಡಿಗೆ ಹೊರಟ ದಿನ ದಾರಿಯಲ್ಲಿ ಸುಬ್ಬಲಕ್ಷ್ಮಿ ಮನೆಯ ಹವ್ಯಕ ಮಾತಿನಲ್ಲಿ, "ಮಳೆಗೆ ಗ್ರಿಪ್ಪು ಇಪ್ಪದನ್ನೇ ಹಾಕುವ, ಅಲ್ಲದಾ?" ಎಂದಾಗ ಮಾಷ್ಟ್ರು ಯೋಚಿಸಲೂ ಇಲ್ಲ. "ಅಕ್ಕು," ಎಂದರು. ಆಗಬಹುದು ಎಂದು. ಅಲ್ಲಿಗೆ ವಿಷಯ ಮುಗಿದಿತ್ತು. ಮುಗಿಯಬೇಕಿತ್ತು.

ಅಹ್ಮದರ ಟಯರ್ ಅಂಗಡಿ ಹೆದ್ದಾರಿಯ ಸರ್ವೀಸ್ ರಸ್ತೆಗೆ ಮುಖ ಮಾಡಿಕೊಂಡಿದೆ. ಅಹ್ಮದ್ ವರ್ಷಗಳಿಂದ ಪರಿಚಯದವರು, ಸುಬ್ಬಲಕ್ಷ್ಮಿಯ ಉಪ್ಪಿನಕಾಯಿಯ ಖಾಯಂ ಗಿರಾಕಿ. ಎರಡು ಬಗೆಯ ಟಯರು ತಂದು ಎದುರಿಗೆ ನಿಲ್ಲಿಸಿದರು.

"ನೋಡಿ ಅಕ್ಕ, ರೇಟು ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಇದು ಗಟ್ಟಿ ರಬ್ಬರ್, ತುಂಬ ಬಾಳಿಕೆ ಬರ್ತದೆ. ಇದು ಸ್ವಲ್ಪ ಮೆತ್ತಗೆ. ಬೇಗ ಸವೀತದೆ, ಆದ್ರೆ ಒದ್ದೆ ರೋಡಲ್ಲಿ ಹಿಡಿತ ಒಳ್ಳೇದುಂಟು." ಆಮೇಲೆ ಮಾಷ್ಟ್ರ ಕಡೆ ತಿರುಗಿ ಮರ್ಯಾದೆಯಿಂದ ಕೇಳಿದರು: "ಮಾಷ್ಟ್ರೇ, ನೀವೆಂತ ಹೇಳ್ತೀರಿ?"

ಮಾಷ್ಟ್ರು "ಅವಳು ಹೇಳಿದ್ದೇ" ಎಂದು ಹೇಳುವವರಿದ್ದರು. ಆದರೆ ಸ್ಕೂಟರಿನ ಪಂಕ್ಚರು ಹಾಕಿಸಲು ಬಂದು ಬೆಂಚಿನಲ್ಲಿ ಕುಳಿತಿದ್ದ ಜಿತೇಂದ್ರ ನಡುವೆ ಬಾಯಿ ಹಾಕಿದ. ಭಾನುವಾರದ ಕೂಟ ಏರ್ಪಡಿಸಿದ ಸಂಘದ ಕಾರ್ಯದರ್ಶಿ ಅವನೇ.

"ಮಾಷ್ಟ್ರ ಹತ್ರ ಕೇಳ್ಬೇಡಿ ಮಾರಾಯ್ರೇ. ಅವರಿಗೆ ಬಾಯಿ ಒಣಗಿದ್ರೆ ನೀರಿಗೆ ಎಲ್ಲಿ ಹೋಗುದು?"

ಬೆಂಚಿನಲ್ಲಿದ್ದ ರಿಕ್ಷಾದವರು ನಕ್ಕರು. ಅವರಿಗೂ ವಿಷಯ ಗೊತ್ತಿತ್ತು ಎಂದರೆ ಭಾನುವಾರದ ಮೌನ ಬಂದ್ಯೋಡಿನ ತನಕ ಇಳಿದು ಬಂದಿದೆ ಎಂದಾಯಿತು. ಮಾಷ್ಟ್ರ ಕಿವಿ ಕೆಂಪಾಯಿತು. ಶಾಲನ್ನು ಹೆಗಲಿಗೆ ಎಳೆದುಕೊಂಡರು. ಮನೆಮಾತು ಬಿಟ್ಟುಹೋಯಿತು, ಅರ್ಥದ ಭಾಷೆ ನಾಲಗೆಗೆ ಬಂತು. ಅದು ಬಂತೆಂದರೆ ಅವರನ್ನು ಹಿಡಿಯುವವರಿಲ್ಲ.

"ಅಹ್ಮದರೇ," ಎಂದು ಆರಂಭಿಸಿದರು. "ಎರಡು ವಸ್ತುಗಳು ಸಮಾನ ಬೆಲೆಗೆ ಎದುರು ನಿಂತಾಗ ವಿವೇಕಿಯಾದವನು ಏನನ್ನು ನೋಡಬೇಕು? ಮೃದುತ್ವವನ್ನೋ, ಬಾಳಿಕೆಯನ್ನೋ? ಮೆತ್ತಗಿರುವುದು ಅಪ್ಪಿಕೊಳ್ಳುತ್ತದೆ, ನಿಜ. ಎಲ್ಲರನ್ನೂ ಅಪ್ಪಿಕೊಳ್ಳುವವನು ಯಾರ ಬಳಿಯೂ ಉಳಿಯುವುದಿಲ್ಲ ಎಂಬುದೂ ನಿಜ. ಬೇಗ ಸವೆಯುವ ಸ್ನೇಹ ನಮಗೆ ಬೇಡ, ಕೊನೆಯವರೆಗೆ ಬರುವ ಗಟ್ಟಿತನ ಬೇಕು."

"ಹೋ!" ಎಂದ ಜಿತೇಂದ್ರ. ಫೋನು ತೆಗೆದು ವೀಡಿಯೊ ಹಿಡಿದ. ಟೀ ಅಂಗಡಿಯಿಂದ ನಾಲ್ಕಾರು ಮಂದಿ ಬಂದು ನಿಂತರು. ಸಭೆ ಸೇರಿತು.

ಸುಬ್ಬಲಕ್ಷ್ಮಿಗೆ ಗಂಡ ಯಾವ ಕಡೆಗೆ ಹೋಗುತ್ತಿದ್ದಾರೆಂದು ಮೊದಲು ತಿಳಿಯಲಿಲ್ಲ. ತಿಳಿದಾಗ ಮೆಲ್ಲ ಹೇಳಿದರು: "ನಮ್ಮ ಚಡವಿಲಿ ಮಳೆಗೆ ಜಾರ್ತು. ನಿಂಗೊಗೆ ಗೊಂತಿದ್ದನ್ನೆ."

ನಿಮಗೆ ಗೊತ್ತಿದೆಯಲ್ಲ ಎಂದು ಕೇಳಿದ್ದು. ಗೊತ್ತಿತ್ತು. ಮಾಷ್ಟ್ರಿಗೆ ಆ ಕ್ಷಣದಲ್ಲೇ ಬಾವಿಕಟ್ಟೆ, ಬಾಳೆಯ ಬುಡ, ತಾನು ಅತ್ತದ್ದು ಎಲ್ಲವೂ ನೆನಪಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಎದುರಿಗೆ ಸಭೆಯಿತ್ತು. ಎದುರು ಪಾತ್ರದಿಂದ ಪ್ರಶ್ನೆ ಬಂದಿತ್ತು. ಪ್ರಶ್ನೆಗೆ ಉತ್ತರ, ಈ ಸಲ, ತುದಿನಾಲಗೆಯಲ್ಲೇ ಇತ್ತು.

"ಜಾರುತ್ತದೆ!" ಎಂದು ಕೈ ಎತ್ತಿದರು. "ಒಪ್ಪಿದೆ. ಆದರೆ ಜಾರುವುದು ಯಾವುದು? ರಥದ ಚಕ್ರವೋ, ಸಾರಥಿಯ ಕೈಯೋ? ಸಾರಥಿ ಸಮರ್ಥನಾಗಿದ್ದರೆ ಮರದ ಗಾಲಿಯೂ ಬಂಡೆಯನ್ನು ಹತ್ತುತ್ತದೆ. ಸಾರಥಿಯ ಕೈ ನಡುಗಿದರೆ ಚಕ್ರಕ್ಕೆ ಚಿನ್ನದ ಹಲ್ಲು ಕಟ್ಟಿಸಿದರೂ ರಥ ಹೋಗುವುದು ಬಾವಿಗೇ!"

ಅಂಗಡಿ ನಕ್ಕಿತು, ಚಪ್ಪಾಳೆ ತಟ್ಟಿತು. ರಿಕ್ಷಾದವನೊಬ್ಬ ಸೀಟಿ ಹೊಡೆದ. ಇಪ್ಪತ್ತು ವರ್ಷ ಅರ್ಥ ಹೇಳಿದ ಮಾಷ್ಟ್ರಿಗೆ ಇಂಥ ಚಪ್ಪಾಳೆ ಯಾವ ವೇದಿಕೆಯಲ್ಲೂ ಬಿದ್ದಿರಲಿಲ್ಲ. ನಗದಿದ್ದವರು ಇಬ್ಬರೇ, ಅಹ್ಮದ್ ಮತ್ತು ಸುಬ್ಬಲಕ್ಷ್ಮಿ. ಅಹ್ಮದ್ ಏನೋ ಹೇಳಲು ಹೊರಟು ಸುಬ್ಬಲಕ್ಷ್ಮಿಯ ಮುಖ ನೋಡಿ ಸುಮ್ಮನಾದರು.

"ನಿಂಗೊ ಹೇಳಿದಾಂಗೆ ಅಕ್ಕು," ಎಂದರು ಸುಬ್ಬಲಕ್ಷ್ಮಿ. ಗಟ್ಟಿ ರಬ್ಬರಿನ ನಾಲ್ಕು ಟಯರು ಕಾರಿಗೆ ಬಿತ್ತು. ದುಡ್ಡು ಕೊಟ್ಟವರೂ ಅವರೇ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆಯನ್ನು ಮಾಷ್ಟ್ರು ಮಕ್ಕಳಿಗೆ ಎಷ್ಟು ವರ್ಷ ಕಲಿಸಿದ್ದರೋ. ಅಂದು ಹಿಂದಿರುಗುವಾಗ ಆ ಗಾದೆಯ ಕೊತ್ತಿ ಅವರ ಪಕ್ಕದಲ್ಲೇ ಕುಳಿತು ಕಾರು ಬಿಡುತ್ತಿತ್ತು. ಚಪ್ಪಾಳೆಯ ಅಮಲು ಕಾರು ಎರಡು ತಿರುವು ದಾಟುವುದರೊಳಗೆ ಇಳಿಯಿತು. ಆಮೇಲೆ ಉಳಿದದ್ದು ನಾಚಿಕೆ. ಗೊತ್ತಿಲ್ಲದೆ ತಪ್ಪು ಹೇಳಿದ್ದರೆ ಬೇರೆ. ಇವರು ಗೊತ್ತಿದ್ದೇ ಹೇಳಿದ್ದರು. ತನ್ನ ಜೀವ ಉಳಿಸಿದ ಕೈಯನ್ನೇ ನಾಲ್ಕು ಜನರೆದುರು ನಡುಗುವ ಕೈ ಎಂದಿದ್ದರು. ಆ ಕೈ ಈಗ ಗೇರಿನ ಮೇಲಿತ್ತು, ಒಂದು ಚೂರೂ ನಡುಗುತ್ತಿರಲಿಲ್ಲ. ಮಾಷ್ಟ್ರು ಅದನ್ನು ನೋಡಲಾರದೆ ಹೊರಗೆ ನೋಡಿದರು.

ಕ್ಷಮೆ ಕೇಳಬಹುದಿತ್ತು. ಮನೆ ಮುಟ್ಟಲಿ ಎಂದುಕೊಂಡರು. ಮನೆ ಮುಟ್ಟಿದ ಮೇಲೆ ಊಟ ಆಗಲಿ ಎಂದುಕೊಂಡರು. ಅಷ್ಟರಲ್ಲಿ ಜಿತೇಂದ್ರನ ವೀಡಿಯೊ ಊರೆಲ್ಲ ತಿರುಗಿ ಅವರ ಫೋನಿಗೇ ಬಂತು. "ಮಾಷ್ಟ್ರ ಟಯರ್ ಪ್ರಸಂಗ" ಎಂದು ಹೆಸರು ಬೇರೆ. ಹಳೆಯ ಶಿಷ್ಯರು ಹೊಗಳಿದರು, ಎರಡು ಸಂಘದವರು ಕೂಟಕ್ಕೆ ಕರೆದರು. ಇಷ್ಟು ವರ್ಷ ಯಾವುದಕ್ಕಾಗಿ ಬಾಯಿ ಬಿಟ್ಟು ಕಾದಿದ್ದರೋ ಅದೆಲ್ಲ ಒಟ್ಟಿಗೇ ಬಂತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಸುಬ್ಬಲಕ್ಷ್ಮಿ ಡಬ್ಬಿ ಹಾಕಲು ಹೋದಲ್ಲಿ ಅಂಗಡಿಯವರು ತಮಾಷೆಗೆ "ಸಾರಥಿ ಅಕ್ಕ ಬಂದ್ರು" ಎನ್ನತೊಡಗಿದರು. ಒಮ್ಮೆ ಪಕ್ಕದಲ್ಲಿದ್ದ ಮಾಷ್ಟ್ರು ಅದನ್ನು ತಾವೇ ಕೇಳಿದರು. ಸುಬ್ಬಲಕ್ಷ್ಮಿ ನಕ್ಕು ಡಬ್ಬಿ ಇಳಿಸಿದರು. ಮನೆಯಲ್ಲೂ ಜಗಳವಿಲ್ಲ, ಮುಖ ಊದಿಸಿಕೊಂಡದ್ದಿಲ್ಲ. ಒಂದೇ ವ್ಯತ್ಯಾಸ. ಅಂಗಳಕ್ಕೆ ಚಪ್ಪರ ಹಾಕಿಸುವುದೋ ಬೇಡವೋ ಎಂದು ಮಾಷ್ಟ್ರು ಕೇಳಿದರೆ, "ನಿಂಗೊ ಹೇಳಿದಾಂಗೆ ಅಕ್ಕು." ತಂಗಿಯ ಮಗಳ ಮದುವೆಗೆ ಯಾವಾಗ ಹೊರಡುವುದು ಎಂದರೆ, "ನಿಂಗೊ ಹೇಳಿದಾಂಗೆ." ಸಾರಿಗೆ ಉಪ್ಪು ಸಾಕೋ ಎಂದರೂ ಅದೇ. ಮುಂದಿನ ಕೂಟಕ್ಕೆ ಅಭ್ಯಾಸ ಮಾಡಲು ಎದುರು ಪಾತ್ರವಾಗಿ ಪ್ರಶ್ನೆ ಕೇಳು ಎಂದರೆ, "ಎನಗೆ ಅದೆಲ್ಲ ಗೊಂತಾಗ" ಎಂದು ಹಪ್ಪಳದ ಹಿಟ್ಟಿಗೆ ಕೈ ಹಾಕಿದರು. ವಾದಿಸಲು ಮನೆಯಲ್ಲಿ ಜನವೇ ಇಲ್ಲದಂತಾಯಿತು. ಗೆದ್ದವರ ಪಾಡು ಇದು.

ಮಳೆ ಹಿಡಿಯಿತು. ಮೊದಲ ವಾರದಲ್ಲೇ ಸುಬ್ಬಲಕ್ಷ್ಮಿ ಕಾರನ್ನು ಚಡವು ಇಳಿಸುವುದನ್ನು ನಿಲ್ಲಿಸಿದರು. ಮೇಲೆ ಪಂಚಾಯತು ರಸ್ತೆಯ ಬದಿಗೆ ನಿಲ್ಲಿಸಿ, ಬೆಳಿಗ್ಗೆ ತುಂಬಿದ ಡಬ್ಬಿಗಳನ್ನು ಒಂದೊಂದಾಗಿ ಮೇಲಕ್ಕೆ ಹೊತ್ತರು, ಸಂಜೆ ಖಾಲಿ ಡಬ್ಬಿ, ಎಣ್ಣೆಯ ಕ್ಯಾನು ಹೊತ್ತು ಕೆಳಗಿಳಿದರು. ಒಂದು ಕೈಯಲ್ಲಿ ಕೊಡೆ. ಯಾಕೆಂದು ಮಾಷ್ಟ್ರು ಕೇಳಲಿಲ್ಲ. ಕೇಳಲು ಮುಖವಿರಲಿಲ್ಲ. ಓಡಿಹೋಗಿ ಡಬ್ಬಿಗೆ ಕೈ ಹಾಕಿದರೆ, "ಬೇಡ, ನಿಂಗಳ ಸೊಂಟಕ್ಕೆ ಆಗ" ಎಂದು ಬಿಡಿಸಿಕೊಂಡರು. ಸೊಂಟಕ್ಕೆ ಒಳ್ಳೆಯದಲ್ಲವೆಂಬ ಆ ಕಾಳಜಿಯೇ ಮಾಷ್ಟ್ರಿಗೆ ಪೆಟ್ಟಿಗಿಂತ ಹೆಚ್ಚು ನೋಯಿತು.

ತಡೆಯಲಾಗದೆ ಒಂದು ದಿನ ಬಸ್ಸು ಹತ್ತಿ ಒಬ್ಬರೇ ಬಂದ್ಯೋಡಿಗೆ ಹೋದರು.

"ಅಹ್ಮದರೇ, ಆ ಇನ್ನೊಂದು ಸೆಟ್ಟು ಉಂಟಾ? ಇದನ್ನು ತೆಗ್ದು ಅದನ್ನು ಹಾಕ್ಬೇಕು."

"ಉಂಟು ಮಾಷ್ಟ್ರೇ. ಆದ್ರೆ ಓಡಿಸಿದ ಟಯರನ್ನು ಕಂಪೆನಿ ವಾಪಸ್ ತಗೊಳ್ಳುದಿಲ್ಲ." ಅಹ್ಮದ್ ಸ್ಟೂಲು ಎಳೆದು ಕೂರಿಸಿದರು. "ನಿಮ್ಮ ವೀಡಿಯೊ ನೋಡಿ ಎಷ್ಟೋ ಜನ ಗಟ್ಟಿ ರಬ್ಬರೇ ಬೇಕು ಹೇಳಿ ಬಂದ್ರು. ಅದೂ ಒಳ್ಳೇದೇ, ಸಮ ರೋಡಿಗೆ ತೊಂದ್ರೆ ಇಲ್ಲ. ನಿಮ್ಮ ಮನೆ ದಾರಿಗೆ ಮಾತ್ರ..."

"ನಿಮಗೆ ನಮ್ಮ ದಾರಿ ಗೊತ್ತುಂಟಾ?"

ಅಹ್ಮದ್ ಹೇಳಲೋ ಬೇಡವೋ ಎಂಬ ಹಾಗೆ ಕೈ ಒರೆಸಿಕೊಂಡರು.

"ಅಕ್ಕ ಹೇಳಿದ್ರು. ನೀವಿಬ್ರು ಬರುದಕ್ಕಿಂತ ಮೊದ್ಲೇ ಅವರು ಒಮ್ಮೆ ಒಬ್ರೇ ಬಂದು ಎರಡೂ ನೋಡಿ, ಮಳೆಯ ಸೆಟ್ಟು ತೆಗ್ದಿಡಿ ಹೇಳಿ ಹೋಗಿದ್ರು. 'ಮಾಷ್ಟ್ರನ್ನು ಕರ್ಕೊಂಡು ಬರ್ತೇನೆ, ಅವರಲ್ಲೂ ಒಂದು ಮಾತು ಕೇಳಿ, ಭಾನುವಾರದಿಂದ ಅವರಿಗೆ ಮನಸ್ಸಿಗೆ ಬೇಜಾರುಂಟು' ಅಂದ್ರು. ಹಾಗೆ ನಾನು ನಿಮ್ಮತ್ರ ಕೇಳಿದ್ದು."

ಮಾಷ್ಟ್ರಿಗೆ ಆಗಷ್ಟೇ ಅರ್ಥವಾಯಿತು. ಭಾನುವಾರ ಬಾಯಿ ಕಟ್ಟಿದವನಿಗೆ ನಾಲ್ಕು ಜನರೆದುರು ಒಂದು ಮಾತಿನ ಮರ್ಯಾದೆ ಸಿಗಲಿ ಎಂದು ಹೆಂಡತಿ ಮೊದಲೇ ಬಂದು ಏರ್ಪಾಡು ಮಾಡಿದ್ದಳು. ಆ ಮರ್ಯಾದೆಯನ್ನು ತಾನು ತೆಗೆದು ಅವಳ ತಲೆಗೇ ಹೊಡೆದಾಗಿತ್ತು.

"ಅವತ್ತೇ ಯಾಕೆ ಹೇಳ್ಲಿಲ್ಲ ನೀವು?"

"ಹೇಗೆ ಹೇಳುದು ಮಾರಾಯ್ರೇ? ಹೇಳ್ಲಿಕ್ಕೆ ಹೊರಟೆ. ಅಕ್ಕ ಕಣ್ಣಲ್ಲೇ ಬೇಡ ಅಂದ್ರು."

ಹಿಂದಿರುಗುವ ಬಸ್ಸಿನಲ್ಲಿ ಮಾಷ್ಟ್ರು ಕಿಟಕಿಗೆ ತಲೆ ಕೊಟ್ಟು ಕುಳಿತರು. ಇವತ್ತು ಹೇಳಲೇಬೇಕು. ಏನು ಹೇಳುವುದು? ಹೇಗೆ ಸುರು ಮಾಡುವುದು? ಯೋಚಿಸಿದರು, ಶಬ್ದ ಹೆಕ್ಕಿದರು, ಜೋಡಿಸಿದರು, ಬದಲಿಸಿದರು. ಹುಟ್ಟುಗುಣ. ಬಸ್ಸು ಮನೆಯ ಹತ್ತಿರ ಬರುವಷ್ಟರಲ್ಲಿ ಕ್ಷಮೆಗೆ ಪೀಠಿಕೆ, ನಡು, ಸಮಾಪ್ತಿ ಎಲ್ಲ ತಯಾರಾಗಿತ್ತು.

ಸುಬ್ಬಲಕ್ಷ್ಮಿ ಆಗಷ್ಟೇ ಪೇಟೆಯಿಂದ ಬಂದು ಚಡವಿನ ತಲೆಯಲ್ಲಿ ಕಾರು ನಿಲ್ಲಿಸಿ ಡಿಕ್ಕಿಯಿಂದ ಡಬ್ಬಿ ತೆಗೆಯುತ್ತಿದ್ದರು. ಮಳೆ ಹನಿಯುತ್ತಿತ್ತು. ಮಾಷ್ಟ್ರು ಹತ್ತಿರ ಹೋಗಿ, "ಆ ಮಳೆಯ ಸೆಟ್ಟು ಆನು ತೆಗೆಶಿ ಕೊಡ್ತೆ," ಎಂದರು.

"ಬೇಡ. ಹೊಸ ಟಯರಿನ ಇಡ್ಕುಲಾಗ. ಇದು ಸವೆಯಲಿ," ಎಂದರು ಸುಬ್ಬಲಕ್ಷ್ಮಿ. ಎಸೆಯಬಾರದು ಎಂದು ಹೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ, ಕೆಟ್ಟುಹೋಗದ ಸಾಮಾನಿನ ಬಗ್ಗೆ ಯಾವ ಗೃಹಿಣಿಯೂ ಹೇಳುವ ಮಾತು ಅದು.

ಮಾಷ್ಟ್ರು ಶಾಲು ಸರಿಪಡಿಸಿಕೊಂಡರು. ಗಂಟಲು ಸರಿಮಾಡಿದರು.

"ಸುಬ್ಬಲಕ್ಷ್ಮೀ," ಎಂದರು, "ಮನುಷ್ಯನಾದವನು ಸಾವಿರ ವೈರಿಗಳನ್ನು ಗೆದ್ದಾನು, ತನ್ನ ನಾಲಗೆಯನ್ನು ಗೆಲ್ಲಲಾರ. ಅಂದು ಆ ಸಭಾಮಧ್ಯದಲ್ಲಿ ನಾನು ಗೆದ್ದೆನೆಂದು ಲೋಕ ತಿಳಿಯಿತು. ಆದರೆ ಯಾರ ಕರಗಳು ನನ್ನ ಪ್ರಾಣವನ್ನು ಕಾಪಾಡಿದವೋ ಆ ಕರಗಳನ್ನೇ ನಿಂದಿಸಿದ ನನ್ನಂಥ ಕೃತಘ್ನನಿಗೆ..."

ತಮ್ಮ ದನಿ ತಮಗೇ ಕೇಳಿಸಿತು. ಅದೇ ಏರಿಳಿತ, ಅದೇ ಎತ್ತಿದ ಕೈ. ನಿಲ್ಲಿಸಬೇಕೆಂದಿತು ಮನಸ್ಸು, ನಾಲಗೆ ನಿಲ್ಲಲಿಲ್ಲ. ಕಟ್ಟಿಟ್ಟ ವಾಕ್ಯಗಳು ಒಂದನ್ನೊಂದು ಎಳೆದುಕೊಂಡು ಸಮಾಪ್ತಿಯವರೆಗೂ ಬಂದವು. ಕಣ್ಣಲ್ಲಿ ನೀರೂ ಬಂದಿತ್ತು, ಅದು ಮಾತ್ರ ಕಟ್ಟಿಟ್ಟದ್ದಲ್ಲ. ಆದರೆ ಅಷ್ಟು ಚೆನ್ನಾದ ಮಾತಿನ ನಡುವೆ ಅದನ್ನು ಯಾರು ನಂಬಬೇಕು?

ಸುಬ್ಬಲಕ್ಷ್ಮಿ ಡಬ್ಬಿಯನ್ನು ಸೊಂಟಕ್ಕೆ ಆನಿಸಿಕೊಂಡು ಕೊನೆಯವರೆಗೆ ಕೇಳಿದರು.

"ಮಾತು ಲಾಯಿಕ ಆಯಿದು," ಎಂದರು. ಚೆನ್ನಾಗಿತ್ತು ಎಂದು.

ವ್ಯಂಗ್ಯವಾಗಿ ಹೇಳಿದ್ದರೆ ಮಾಷ್ಟ್ರು ತಡೆದುಕೊಳ್ಳುತ್ತಿದ್ದರು. ಹಾಗಿರಲಿಲ್ಲ. ಇಷ್ಟು ವರ್ಷ ಪ್ರತಿ ಕೂಟ ಮುಗಿದ ಮೇಲೂ ಕಾರಿನ ಬಾಗಿಲು ತೆರೆಯುತ್ತ ಹೇಗೆ ಹೇಳುತ್ತಿದ್ದರೋ ಹಾಗೆಯೇ ಹೇಳಿದರು. ಆಮೇಲೆ ಕೊಡೆ ಬಿಡಿಸಿ, ಕಾಲ್ಬೆರಳೂರಿ ಬೆರಳೂರಿ ಚಡವು ಇಳಿದು ಹೋದರು.

ಮಾಷ್ಟ್ರು ನಾಚಿಕೆಯಿಂದ ನೆಲ ನೋಡುತ್ತ ಮಳೆಯಲ್ಲೇ ನಿಂತರು. ಎಷ್ಟೋ ಹೊತ್ತಿನ ಮೇಲೆ ಬಾಯಿಂದ "ಎನ್ನದು ತಪ್ಪಾತು" ಎಂಬ ಮಾತು ಹೊರಟಿತು, ಮನೆಮಾತಿನಲ್ಲಿ, ಪೀಠಿಕೆಯಿಲ್ಲದೆ. ಅಷ್ಟರಲ್ಲಿ ಸುಬ್ಬಲಕ್ಷ್ಮಿ ಬಾವಿಕಟ್ಟೆಯ ತಿರುವು ದಾಟಿ ಒಳಗೆ ಹೋಗಿಯಾಗಿತ್ತು.